ಹಳೇ ಹಾರರ್ ಮೇಲೋ, ಈಗಿನದೋ? ಮೊದಲು ಪ್ರಿಂಟ್ ನೋಡಿ

"ಎಪ್ಪತ್ತರ ದಶಕದ್ದೇ ನಿಜವಾದ ಹಾರರ್, ಈಗಿನದರಲ್ಲಿ ಬರೀ ಸದ್ದು" ಅನ್ನುವವರು ಒಂದು ಕಡೆ. "ಹಳೇ ದೆವ್ವದ ಸಿನಿಮಾ ನೋಡಿದರೆ ನಗು ಬರುತ್ತೆ" ಅನ್ನುವವರು ಇನ್ನೊಂದು ಕಡೆ. ಈ ವಾದ ಮುಗಿಯದಿರುವುದಕ್ಕೆ ಒಂದು ಕಾರಣವಿದೆ. ಆ ದಶಕದ ಅತ್ಯುತ್ತಮ ಸಿನಿಮಾ ಎಷ್ಟು ಎತ್ತರಕ್ಕೆ ಹೋಯಿತು ಅನ್ನುವುದು ಒಂದು ಪ್ರಶ್ನೆ. ಆ ದಶಕದ ಸಾಧಾರಣ ಸಿನಿಮಾ ಹೇಗಿತ್ತು ಅನ್ನುವುದು ಬೇರೆಯೇ ಪ್ರಶ್ನೆ. ಎರಡನ್ನೂ ಕಲಸಿಬಿಡುತ್ತೇವೆ. ಹಳೆಯದರಲ್ಲಿ ಕೆನೆ ಮಾತ್ರ ನಮ್ಮ ತನಕ ಉಳಿದು ಬಂದಿದೆ, ಹೊಸದರಲ್ಲಿ ಶುಕ್ರವಾರ ಬಿಡುಗಡೆಯಾದದ್ದೆಲ್ಲ ಕಣ್ಣೆದುರಿಗಿದೆ.

ಇದಕ್ಕೂ ಮೊದಲು ಇನ್ನೊಂದು ತೊಡಕಿದೆ: ನೋಡಿದ ಪ್ರತಿ ಸರಿಯಾದದ್ದೇ? 1922ರ 'ನೊಸ್ಫೆರಾಟು' ತೆಗೆದುಕೊಳ್ಳಿ. ಆ ಕಾಲದ ಫಿಲ್ಮ್‌ನಲ್ಲಿ ರಾತ್ರಿಯ ಹೊರಾಂಗಣ ಮೂಡಿಸುವುದು ಬಹಳ ಕಷ್ಟ. ಹಾಗಾಗಿ ರಾತ್ರಿಯ ದೃಶ್ಯಗಳನ್ನೂ ಹಗಲಲ್ಲೇ ತೆಗೆದು, ಪ್ರಿಂಟ್‌ಗೆ ನೀಲಿ ಬಣ್ಣ ಕೊಡುತ್ತಿದ್ದರು. ನೀಲಿ ಅಂದರೆ ರಾತ್ರಿ ಎಂದು ಪ್ರೇಕ್ಷಕರಿಗೆ ಗೊತ್ತಿತ್ತು. ಆ ಬಣ್ಣ ಕಳೆದುಹೋದ ಬರೀ ಕಪ್ಪು-ಬಿಳುಪು ಕಾಪಿ ನೋಡಿದರೆ, ಬಿಸಿಲಿಗೆ ಸಾಯಬೇಕಾದ ರಕ್ತಪಿಶಾಚಿ ಹಾಡಹಗಲಲ್ಲೇ ಶವಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಊರೊಳಗೆ ಓಡಾಡುತ್ತಾನೆ. ನಗು ಬಾರದೆ ಇರುತ್ತದೆಯೇ? ವೇಗದ್ದೂ ಇದೇ ಕಥೆ. ಸೆಕೆಂಡಿಗೆ ಹದಿನಾರರಿಂದ ಇಪ್ಪತ್ತು ಫ್ರೇಮ್‌ನಂತೆ ತೆಗೆದ ಮೂಕಿ ಚಿತ್ರವನ್ನು 24ರಲ್ಲಿ ಓಡಿಸಿದರೆ ಎಲ್ಲರೂ ಕೀಲಿ ಕೊಟ್ಟ ಗೊಂಬೆಗಳಾಗುತ್ತಾರೆ. ಬಣ್ಣ ಮತ್ತು ವೇಗ ಎರಡನ್ನೂ ಸರಿಪಡಿಸಿದ ಪುನರುಜ್ಜೀವಿತ ಪ್ರತಿ ಸಿಕ್ಕಿದರೆ ಮಾತ್ರ ಇಪ್ಪತ್ತರ ದಶಕದ ಬಗ್ಗೆ ತೀರ್ಪು ಕೊಡಿ.

1978ರ 'ಹ್ಯಾಲೋವೀನ್'ಗೆ ಬೇರೆ ಥರದ ಅನ್ಯಾಯ ಆಗಿತ್ತು. ಜಾನ್ ಕಾರ್ಪೆಂಟರ್ ಅದನ್ನು ತೆಗೆದದ್ದು ಅಗಲ ಪರದೆಗೆ. ಫ್ರೇಮಿನ ಒಂದು ಅಂಚಿನಲ್ಲಿ ಹುಡುಗಿ, ಇನ್ನೊಂದು ಅಂಚಿನ ಕತ್ತಲಲ್ಲಿ ಮುಖವಾಡದವನು, ನಡುವೆ ಖಾಲಿ ಜಾಗ. ಹಳೇ ಟೀವಿಯ ಚೌಕಕ್ಕೆ ಹೊಂದಿಸಲು ಎರಡೂ ಬದಿ ಕತ್ತರಿಸಿದ ಕ್ಯಾಸೆಟ್ಟಿನಲ್ಲಿ ಎಷ್ಟೋ ಕಡೆ ಆ ಅಂಚೇ ಇರಲಿಲ್ಲ. ಹೆದರಿಕೆ ಇದ್ದದ್ದೇ ಆ ಅಂಚಿನಲ್ಲಿ.

ಮನೆಯಲ್ಲಿ ಹೋಲಿಸಿ ನೋಡುವವರು ಟೀವಿಯ ಸೆಟ್ಟಿಂಗ್‌ನಲ್ಲಿ ಎರಡು ಬದಲಾವಣೆ ಮಾಡಲೇಬೇಕು. ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಅದು ಫ್ರೇಮುಗಳ ನಡುವೆ ತಾನೇ ಹುಟ್ಟಿಸಿದ ಫ್ರೇಮು ತುರುಕಿ ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸುತ್ತದೆ. ಸದ್ದಿನಲ್ಲಿ 'ನೈಟ್ ಮೋಡ್' ಇದ್ದರೆ ಅದನ್ನೂ ತೆಗೆಯಿರಿ. ಅದರ ಕೆಲಸವೇ ಪಿಸುಮಾತನ್ನು ಏರಿಸಿ ಕಿರುಚಾಟವನ್ನು ಇಳಿಸುವುದು, ಹಾರರ್ ನಿಂತಿರುವುದೋ ಆ ಅಂತರದ ಮೇಲೆ. ಹೊಸ ಸಿನಿಮಾಗಳಿಗೆ ಪೆಟ್ಟು ಬೀಳುವುದು ಇನ್ನೆರಡು ಕಡೆ. ಎದೆಗೆ ತಾಗಬೇಕಾದ ಕೆಳಸ್ತರದ ಗುಡುಗು ಟೀವಿಯ ಸಣ್ಣ ಸ್ಪೀಕರಿನಲ್ಲಿ ಬರುವುದೇ ಇಲ್ಲ. ಇಂಟರ್ನೆಟ್ ನಿಧಾನವಾದರೆ ಕತ್ತಲ ದೃಶ್ಯಗಳು ಬೂದು ಚೌಕಗಳಾಗಿ ಒಡೆಯುತ್ತವೆ. ರಾತ್ರಿ ದೃಶ್ಯದಲ್ಲಿ ಏನೂ ಕಾಣಲಿಲ್ಲ ಎಂದು ನಿರ್ದೇಶಕನನ್ನು ಬೈಯುವ ಮೊದಲು ಕೋಣೆಯ ದೀಪ ಆರಿಸಿ ನೋಡಿ.

ಈಗ ಆಯ್ಕೆಯ ವಿಷಯ. ದಶಕಕ್ಕೆ ಐದು ಸಿನಿಮಾ ಸಾಕು: ಭಾರಿ ಗೆದ್ದದ್ದು ಒಂದು, ಸಾಧಾರಣವಾಗಿ ಓಡಿದ್ದು ಎರಡು, ಯಾವುದೋ ಹಿಟ್‌ನ ನಕಲು ಒಂದು, ಆಗ ಸೋತು ಆಮೇಲೆ ಹೆಸರು ಮಾಡಿದ್ದು ಒಂದು. ನಕಲು ಬಹಳ ಮುಖ್ಯ, ಏಕೆಂದರೆ ದಶಕದ ಸರಾಸರಿ ಗೊತ್ತಾಗುವುದು ಅದರಿಂದಲೇ. 'ಹ್ಯಾಲೋವೀನ್' ಸುಮಾರು ಮೂರು ಲಕ್ಷ ಡಾಲರಿನಲ್ಲಿ ತಯಾರಾಗಿ ಕೋಟಿಗಟ್ಟಲೆ ಗಳಿಸಿದ ಮೇಲೆ ಚಾಕು ಹಿಡಿದ ಮುಖವಾಡದವರು ಸಾಲುಗಟ್ಟಿ ಬಂದರು. ಅವುಗಳಲ್ಲಿ ಹೆಚ್ಚಿನವನ್ನು ಇವತ್ತು ಯಾರೂ ಮುಟ್ಟುವುದಿಲ್ಲ, ಆದ್ದರಿಂದಲೇ ಆ ಕಾಲ ಚಿನ್ನದಂತೆ ಕಾಣುತ್ತದೆ. ಸೋತದ್ದು ಯಾಕೆ ಬೇಕು ಅಂದರೆ, 1982ರ ಜೂನ್‌ನಲ್ಲಿ, 'ಇ.ಟಿ.' ಬಂದ ಎರಡು ವಾರಕ್ಕೆ ಬಿಡುಗಡೆಯಾದ 'ದ ಥಿಂಗ್' ಗಲ್ಲಾಪೆಟ್ಟಿಗೆಯಲ್ಲೂ ಬಿತ್ತು, ವಿಮರ್ಶಕರಿಂದಲೂ ಉಗಿಸಿಕೊಂಡಿತು. ಇವತ್ತು ಹಾರರ್ ಗೊತ್ತಿರುವವರ ಪಟ್ಟಿಯಲ್ಲಿ ಅದಿಲ್ಲದಿದ್ದರೆ ಪಟ್ಟಿಯನ್ನೇ ಅನುಮಾನಿಸಬೇಕು.

ನೋಡುವಾಗ ಮೂರು ವಿಷಯ ಬರೆದಿಟ್ಟುಕೊಳ್ಳಿ. ಮೊದಲ ಅಪಾಯ ಎಷ್ಟನೇ ನಿಮಿಷಕ್ಕೆ ಬಂತು, ಭೂತವೋ ಕೊಲೆಗಾರನೋ ಒಟ್ಟು ಎಷ್ಟು ಹೊತ್ತು ಪರದೆಯ ಮೇಲಿದ್ದ, ಹೆದರಿಸಿದ ದೃಶ್ಯವನ್ನು ಮ್ಯೂಟ್ ಮಾಡಿ ಮತ್ತೆ ನೋಡಿದರೆ ಏನಾದರೂ ಉಳಿಯಿತೇ. ಸದ್ದು ತೆಗೆದ ತಕ್ಷಣ ಸತ್ತುಹೋಗುವ ದೃಶ್ಯ ಕೆಟ್ಟದ್ದೇ ಆಗಬೇಕಿಲ್ಲ, ಆದರೆ ಇಡೀ ಸಿನಿಮಾ ಹಾಗಿದ್ದರೆ ಚಿತ್ರಕಥೆಯ ಕೆಲಸವನ್ನು ಸೌಂಡ್ ಇಂಜಿನಿಯರ್ ಮಾಡಿದ್ದಾನೆ ಅಂತ ಅರ್ಥ.

ಜಂಪ್ ಸ್ಕೇರ್, ಅಂದರೆ ತಟ್ಟನೆ ಬೆಚ್ಚಿಬೀಳಿಸುವುದು, ಈಗಿನವರ ಚಾಳಿ ಎನ್ನುವವರು 1942ರ 'ಕ್ಯಾಟ್ ಪೀಪಲ್' ನೋಡಬೇಕು. ನಿರ್ಮಾಪಕ ವಾಲ್ ಲ್ಯೂಟನ್ ಕೈಯಲ್ಲಿದ್ದದ್ದು ಪುಡಿಗಾಸಿನ ಬಜೆಟ್. ಕಥೆ ಚಿರತೆಯಾಗುವ ಹೆಂಗಸಿನದು, ಆದರೆ ಒಪ್ಪುವಂಥ ಪ್ರಾಣಿ ತೋರಿಸಲು ದುಡ್ಡಿಲ್ಲ. ರಾತ್ರಿ ರಸ್ತೆಯಲ್ಲಿ ಒಬ್ಬ ಹೆಂಗಸು ನಡೆಯುತ್ತಿದ್ದಾಳೆ. ಅವಳ ಹಿಮ್ಮಡಿ ಸದ್ದು, ಹಿಂದೆ ಇನ್ನೊಬ್ಬಳ ಹಿಮ್ಮಡಿ ಸದ್ದು. ಎರಡನೆಯದು ನಿಲ್ಲುತ್ತದೆ. ಸಂಗೀತ ಇಲ್ಲ. ಅವಳು ನಡಿಗೆ ಬಿರುಸು ಮಾಡುತ್ತಾಳೆ, ಕಂಬಕ್ಕೆ ಒರಗಿ ಹಿಂದೆ ನೋಡುತ್ತಾಳೆ, ಅಷ್ಟರಲ್ಲಿ ಬಲಗಡೆಯಿಂದ ಚಿರತೆ ಬುಸುಗುಟ್ಟಿದಂತೆ ಸದ್ದು ಮಾಡುತ್ತ ನುಗ್ಗಿ ನಿಲ್ಲುವುದು ಒಂದು ಬಸ್ಸು. ಅದರ ಬ್ರೇಕಿನ ಸದ್ದು. ಇಲ್ಲಿ ಗಮನಿಸಬೇಕಾದದ್ದು, ಬೆಚ್ಚಿಬೀಳಿಸಿದ ಸದ್ದು ಕಥೆಯ ಲೋಕದ್ದೇ. ಪಾತ್ರಕ್ಕೂ ಕೇಳಿಸಿತು, ನಮಗೂ ಕೇಳಿಸಿತು. ಈಗಿನ ದುರ್ಬಲ ಸಿನಿಮಾಗಳಲ್ಲಿ ಢಮ್ಮೆನ್ನುವುದು ವಾದ್ಯವೃಂದ, ಅದು ಪಾತ್ರಕ್ಕೆ ಕೇಳಿಸುವುದೇ ಇಲ್ಲ. ಅದಕ್ಕೂ ಮುಂಚೆ ಎಲ್ಲ ಸದ್ದು ಸೆಳೆದುಕೊಂಡು ಎರಡು ಮೂರು ಸೆಕೆಂಡ್ ಮೌನ ಬಿಡುತ್ತಾರೆ. ಹತ್ತು ಸಿನಿಮಾ ನೋಡಿದವನಿಗೆ ಆ ಮೌನವೇ ಗಂಟೆ ಹೊಡೆದಂತೆ. ಅವನು ಆಗಲೇ ಕಿವಿ ಮುಚ್ಚಿಕೊಂಡಿರುತ್ತಾನೆ.

ಐವತ್ತರ ದಶಕವನ್ನು ಬೇಗ ದಾಟೋಣ. ವಿಕಿರಣದಿಂದ ಊದಿದ ಇರುವೆ, ಹಲ್ಲಿ, ಜೇಡಗಳು ಆ ಕಾಲದ ಆತಂಕಕ್ಕೆ ಒಳ್ಳೆಯ ದಾಖಲೆ, ಹೆದರಿಕೆಗೆ ಅಷ್ಟಕ್ಕಷ್ಟೆ. 1954ರ 'ಗಾಡ್ಜಿಲ್ಲಾ' ಬೇರೆಯದೇ ತೂಕದ್ದು. 1960ರ 'ಸೈಕೋ' ಕಥಾನಾಯಕಿ ಅಂದುಕೊಂಡವಳನ್ನೇ ಅರ್ಧ ದಾರಿಯಲ್ಲಿ ಕೊಂದು ಪ್ರೇಕ್ಷಕನ ಭರವಸೆಯನ್ನೇ ಕಿತ್ತುಹಾಕಿತು.

ಶಿಖರ ಯಾವುದು ಅಂದರೆ ನನ್ನ ಲೆಕ್ಕದಲ್ಲಿ 1968ರಿಂದ 1982. ಕಾರಣ ಪ್ರತಿಭೆ ಒಂದೇ ಅಲ್ಲ. ಅಮೆರಿಕದಲ್ಲಿ ಸಿನಿಮಾದಲ್ಲಿ ಏನು ತೋರಿಸಬಾರದು ಎನ್ನುವ ಹಳೆಯ ನೀತಿಸಂಹಿತೆ ಹೋಗಿ 1968ರಲ್ಲಿ ವಯಸ್ಸಿನ ರೇಟಿಂಗ್ ಬಂತು, ಹಾಗಾಗಿ ತೋರಿಸುವ ಸ್ವಾತಂತ್ರ್ಯ ಸಿಕ್ಕಿತು. ಆದರೆ ಬೇಕಾದ್ದನ್ನೆಲ್ಲ ತೋರಿಸುವ ತಂತ್ರಜ್ಞಾನ ಇನ್ನೂ ಇರಲಿಲ್ಲ. ಈ ಎರಡರ ನಡುವಿನ ಇಕ್ಕಟ್ಟಿನಲ್ಲೇ ಒಳ್ಳೊಳ್ಳೆಯ ನಿರ್ಧಾರಗಳು ಹುಟ್ಟಿದವು. 1975ರ 'ಜಾಸ್'ನಲ್ಲಿ ಯಾಂತ್ರಿಕ ಶಾರ್ಕ್ ಉಪ್ಪುನೀರಿಗೆ ಪದೇಪದೇ ಕೈಕೊಟ್ಟಿತು. ಸ್ಪೀಲ್‌ಬರ್ಗ್ ಅದನ್ನು ಬಚ್ಚಿಟ್ಟು ನೀರಿನ ಮೇಲ್ಮೈ, ಪೀಪಾಯಿ, ಸಂಗೀತಗಳಿಂದ ಕೆಲಸ ನಡೆಸಿದರು. 1974ರ 'ದ ಟೆಕ್ಸಸ್ ಚೈನ್ ಸಾ ಮ್ಯಾಸಕರ್'ನಲ್ಲಿ ರಕ್ತ ಕಾಣುವುದು ತೀರಾ ಕಡಿಮೆ. 16 ಎಂಎಂ ಫಿಲ್ಮನ್ನು ದೊಡ್ಡದು ಮಾಡಿದ್ದರಿಂದ ಚಿತ್ರದಲ್ಲಿ ಎದ್ದು ಕಾಣುವ ಒರಟು ಕಾಳು (ಗ್ರೇನ್), ಟೆಕ್ಸಸ್ ಬೇಸಿಗೆಯ ನಿಜವಾದ ಬೆವರು ಸೇರಿ ಸುದ್ದಿಚಿತ್ರ ನೋಡಿದಂತಾಗುತ್ತದೆ. ನೋಡಿದವರು ಮಾತ್ರ ರಕ್ತದ ಹೊಳೆ ಹರಿದಂತೆ ನೆನಪಿಟ್ಟುಕೊಂಡಿರುತ್ತಾರೆ.

1973ರ 'ದ ಎಕ್ಸಾರ್ಸಿಸ್ಟ್'ನಲ್ಲಿ ಬಾಯಿಂದ ಹೊರಡುವ ಹಬೆ ಗ್ರಾಫಿಕ್ಸ್ ಅಲ್ಲ. ಮಲಗುವ ಕೋಣೆಯ ಸೆಟ್ಟನ್ನೇ ಶೀತಲಗೃಹದಂತೆ ತಣ್ಣಗೆ ಮಾಡಿ ಶೂಟ್ ಮಾಡಿದರು. ಹಬೆಯನ್ನು ಕಂಪ್ಯೂಟರಿನಲ್ಲಿ ಸೇರಿಸಬಹುದು, ಬಿಗಿಯಾದ ಭುಜ, ನಡುಗುವ ದವಡೆ, ತೊದಲುವ ಮಂತ್ರ ಸೇರಿಸುವುದು ಕಷ್ಟ. ಭೂತ ಬಿಡಿಸುವ ಭಾಗ ಬರುವುದೂ ಕೊನೆಯಲ್ಲಿ. ಅಲ್ಲಿಯವರೆಗೆ ಆಸ್ಪತ್ರೆ, ಸ್ಕ್ಯಾನ್, ಸೂಜಿ, ಉತ್ತರವಿಲ್ಲದ ಡಾಕ್ಟರುಗಳು. ಭೂತ ಹಿಡಿದ ಹುಡುಗಿಯ ತಾಯಿಯ ಜೊತೆ ನಾವೂ ಬೇರೆ ದಾರಿಯಿಲ್ಲದೆ ಪಾದ್ರಿಯ ಬಾಗಿಲಿಗೆ ಬರುತ್ತೇವೆ. ಇದನ್ನು ಅನುಕರಿಸಿದವರು ತಲೆ ತಿರುಗಿಸುವುದನ್ನು ಕಲಿತರು, ಆ ಒಂದು ಗಂಟೆಯನ್ನು ಬಿಟ್ಟರು.

ಎಂಬತ್ತರ ದಶಕ ಮೇಕಪ್‌ನವರದು. 1981ರ 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್'ನಲ್ಲಿ ಮನುಷ್ಯ ತೋಳವಾಗುವುದು ದೀಪ ಹಚ್ಚಿದ ಕೋಣೆಯಲ್ಲೇ. ರಿಕ್ ಬೇಕರ್‌ಗೆ ಮೇಕಪ್ ವಿಭಾಗದ ಮೊದಲ ಆಸ್ಕರ್ ತಂದದ್ದು ಅದೇ. ಮರುವರ್ಷ 'ದ ಥಿಂಗ್'ನಲ್ಲಿ ಇಪ್ಪತ್ತರ ಹರೆಯದ ರಾಬ್ ಬಾಟೀನ್ ರಬ್ಬರು, ಫೋಮು, ಲೋಳೆ, ಕೇಬಲ್ಲುಗಳಿಂದ ಮಾಡಿದ ಪ್ರಾಣಿ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ನಟರ ಮುಖದ ಮೇಲೆ ಬಿದ್ದ ಬೆಳಕೇ ಆ ವಸ್ತುವಿನ ಮೇಲೂ ಬಿದ್ದಿರುತ್ತದೆ, ಅದಕ್ಕೇ ಕಣ್ಣು ನಂಬುತ್ತದೆ. ರಬ್ಬರಿನ ದೌರ್ಬಲ್ಯವೂ ಇದೆ: ಶಾಟ್ ಸ್ವಲ್ಪ ಉದ್ದವಾದರೆ ಹೊಲಿಗೆ ಕಾಣುತ್ತದೆ. ಹಾಗಾಗಿ ಎಡಿಟರ್ ಬೇಗ ಕತ್ತರಿಸಲೇಬೇಕಿತ್ತು. 2011ರಲ್ಲಿ ಇದಕ್ಕೆ ಪೂರ್ವಕಥೆ ಬಂದಾಗ ಕೈಯಿಂದ ಮಾಡಿದ ಗೊಂಬೆಗಳು ತಯಾರಿದ್ದರೂ ಬಹಳಷ್ಟನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನಿಂದ ಮುಚ್ಚಿದರು. ಎರಡನ್ನೂ ಒಂದೇ ವಾರದಲ್ಲಿ ನೋಡಿ. ತಪ್ಪು ಗ್ರಾಫಿಕ್ಸ್‌ನದಲ್ಲ, ಪ್ರಾಣಿ ಎಲ್ಲಿ, ಎಷ್ಟು ದೊಡ್ಡದು ಎಂಬುದನ್ನು ಶೂಟಿಂಗ್ ಮುಗಿದ ಮೇಲೂ ತೀರ್ಮಾನಿಸಬಹುದು ಅನ್ನುವ ಸೌಲಭ್ಯದ್ದು. ನಟ ನೋಡುವ ದಿಕ್ಕೇ ಅಸ್ಪಷ್ಟವಾಗುತ್ತದೆ.

ತೊಂಬತ್ತರ ದಶಕದ ಮೊದಲರ್ಧ ಸೊರಗಿದ್ದು, ಕೊನೆಯ ಎರಡು ವರ್ಷ ಎಲ್ಲ ಬದಲಾಯಿತು. 1998ರ ಜಪಾನೀ 'ರಿಂಗು'ವಿನಲ್ಲಿ ಸಡಾಕೋ ಎಂಬ ದೆವ್ವ ನಡೆದುಬರುವ ರೀತಿಗೆ ಉಪಾಯ ಸರಳ. ನಟಿ ಹಿಮ್ಮುಖವಾಗಿ ನಡೆದಳು, ಅದನ್ನು ತಿರುಗಿಸಿ ಓಡಿಸಿದರು. ಕೀಲುಗಳು ಮಡಚುವ ಕ್ರಮ ತಪ್ಪುತ್ತದೆ. ಏನು ತಪ್ಪು ಎಂದು ಹೇಳಲಾಗದೆ ಮೈ ಜುಂ ಎನ್ನುತ್ತದೆ. ಮರುವರ್ಷ 'ದ ಬ್ಲೇರ್ ವಿಚ್ ಪ್ರಾಜೆಕ್ಟ್'ನಲ್ಲಿ ಕ್ಯಾಮೆರಾ ಹಿಡಿದವರು ನಟರೇ.

ಸರಾಸರಿ ಪಾತಾಳ ಮುಟ್ಟಿದ್ದು ಎರಡು ಸಾವಿರದ ದಶಕದಲ್ಲಿ. 'ಚೈನ್ ಸಾ' 2003ರಲ್ಲಿ, 'ಹ್ಯಾಲೋವೀನ್' 2007ರಲ್ಲಿ ರೀಮೇಕ್ ಆಗಿ ಮತ್ತೆ ಬಂದವು. 'ಸಾ' 2004ರಿಂದ 2010ರವರೆಗೆ ವರ್ಷಕ್ಕೊಂದರಂತೆ ಏಳು ಭಾಗ. ಹಸಿರು-ನೀಲಿ ಬಣ್ಣ, ಬಟ್ಟೆ ನೆನೆಸದ ಕಂಪ್ಯೂಟರ್ ರಕ್ತ. ಅದೇ ಹೊತ್ತಿನಲ್ಲಿ 'ದ ಡಿಸೆಂಟ್' (2005), ಸ್ವೀಡನ್ನಿನ 'ಲೆಟ್ ದ ರೈಟ್ ಒನ್ ಇನ್' (2008) ಬಂದವು ಎನ್ನುವುದನ್ನು ಮರೆಯಬಾರದು. ಅಂದಹಾಗೆ, 2002ರ '28 ಡೇಸ್ ಲೇಟರ್' ಮಸುಕಾಗಿದೆ ಎಂದು ಒಳ್ಳೆಯ ಪ್ರಿಂಟ್ ಹುಡುಕಬೇಡಿ. ಅದರ ಬಹುಭಾಗ ತೆಗೆದದ್ದೇ ಮಿನಿ ಡಿವಿ ಎಂಬ ಸಣ್ಣ ಟೇಪಿನ ವಿಡಿಯೋ ಕ್ಯಾಮೆರಾದಲ್ಲಿ, ಮಸುಕು ಮೂಲದಲ್ಲೇ ಇದೆ.

ಸರಾಸರಿಯ ಲೆಕ್ಕದಲ್ಲಿ 2010ರ ದಶಕ ಗೆಲ್ಲುತ್ತದೆ ಅನ್ನುವುದು ನನ್ನ ಅಭಿಪ್ರಾಯ, ಎಪ್ಪತ್ತರ ಅಭಿಮಾನಿಗಳು ಕೋಪಿಸಿಕೊಳ್ಳಲಿ. 2015ರ 'ದ ವಿಚ್'ನ ರಾತ್ರಿಯ ಒಳಾಂಗಣಕ್ಕೆ ಮೇಣದಬತ್ತಿ ಬೆಳಕು. 2014ರ 'ಇಟ್ ಫಾಲೋಸ್'ನಲ್ಲಿ ಅಗಲ ಲೆನ್ಸು, ದೂರದಲ್ಲಿ ನಿಧಾನವಾಗಿ ನಡೆದು ಬರುವ ಒಂದು ಆಕೃತಿ, ಯಾರೂ ಅದನ್ನು ಬೊಟ್ಟು ಮಾಡಿ ತೋರಿಸುವುದಿಲ್ಲ. 2018ರ 'ಹೆರೆಡಿಟರಿ'ಯಲ್ಲಿ ಹುಡುಗ ಹಾಸಿಗೆಯಲ್ಲಿದ್ದಾನೆ, ಹಿಂದಿನ ಗೋಡೆಯ ಮೇಲ್ಮೂಲೆಯ ಕತ್ತಲಲ್ಲಿ ಯಾರೋ ಅಂಟಿಕೊಂಡಿದ್ದಾರೆ. ಢಮ್ ಇಲ್ಲ, ಶಾಟ್ ಹಾಗೇ ನಿಲ್ಲುತ್ತದೆ. ಥಿಯೇಟರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕ್ಷಣಕ್ಕೆ ಕಾಣುತ್ತದೆ. ಈ ದಶಕದ ರೋಗ ಬೇರೆ: ಭೂತವೆಂದರೆ ದುಃಖ, ಭೂತವೆಂದರೆ ಹಳೆಯ ಗಾಯ ಎಂದು ಕೊನೆಯ ಹದಿನೈದು ನಿಮಿಷ ಪಾಠ ಮಾಡುವುದು. ಅರ್ಥ ತಿಳಿದ ಕ್ಷಣ ಭೂತ ಸಾಕುಪ್ರಾಣಿಯಾಗುತ್ತದೆ.

ಹೋಲಿಕೆ ಶುರುಮಾಡುವವರಿಗೆ ಒಳ್ಳೆಯ ಜೋಡಿ 'ಕ್ಯಾಟ್ ಪೀಪಲ್' ಮತ್ತು 'ಇಟ್ ಫಾಲೋಸ್'. ಎರಡೂ ಹಿಂಬಾಲಿಸುವಿಕೆಯ ಸಿನಿಮಾ, ಎರಡರಲ್ಲೂ ದುಡ್ಡು ಕಡಿಮೆ. ಹಳೆಯದನ್ನೇ ಮೊದಲು ನೋಡಿ, ಅದೂ ರಾತ್ರಿ, ಫೋನು ಬೇರೆ ಕೋಣೆಯಲ್ಲಿಟ್ಟು. ಹೊಸದರ ವೇಗಕ್ಕೆ ಕಣ್ಣು ಒಗ್ಗಿದ ಮೇಲೆ 1942ಕ್ಕೆ ಹೋದರೆ ಬಸ್ಸು ಬರುವ ಮೊದಲೇ ತಾಳ್ಮೆ ಕೆಡುತ್ತದೆ.