ಹೊಟ್ಟೆ ಸರಿ ಇಲ್ಲ ಅಂದುಬಿಟ್ಟೆ

ಈ ಕಾರ್ತಿಕದಲ್ಲಿ ನಾವು ಎಂಟು ಜನ ರಾಯಚೂರಿನಿಂದ ಸೈಕಲ್ ಹತ್ತಿದೆವು. 'ಹರಿಕಥಾಮೃತಸಾರ' ಬರೆದ ಹರಿದಾಸರು ಜಗನ್ನಾಥದಾಸರು; ಅವರ ಬದುಕಿಗೆ ಸೇರಿದ ಊರುಗಳನ್ನು ಮೂರು ದಿನದಲ್ಲಿ ನೋಡಿ ಬರುವ ಸಂಕಲ್ಪ. ಮೊದಲ ದಿನ ಮಂತ್ರಾಲಯ, ಮರುದಿನ ಚೀಕಲಪರ್ವಿ, ಕೊನೆಗೆ ಬ್ಯಾಗವಾಟ ಮುಟ್ಟಿ ಮಾನ್ವಿ. ಕಾರಿನಲ್ಲಿ ಹೋದರೆ ಒಂದೇ ದಿನ ಸಾಕು. ಆದರೆ ದಾಸರು ನಡೆದಾಡಿದ ನೆಲ ಇದು, ನಮ್ಮ ಕಾಲೂ ಒಂದಿಷ್ಟು ನೋಯಲಿ ಅನ್ನಿಸಿತ್ತು.

ಮಂತ್ರಾಲಯದಲ್ಲಿ ರಾಯರ ದರ್ಶನ ಮಾಡಿ, ರಾತ್ರಿ ಅಲ್ಲೇ ಮಲಗಿದೆವು. ಚೀಕಲಪರ್ವಿ ತುಂಗಭದ್ರೆಯ ದಂಡೆಯ ಊರು. ಹರಿದಾಸರಲ್ಲಿ ಹಿರಿಯರಾದ ವಿಜಯದಾಸರು 1682ರಲ್ಲಿ ಹುಟ್ಟಿದ್ದು ಇಲ್ಲೇ. ಸಂಜೆ ಅಲ್ಲಿ ಕೂತಾಗ ನಮ್ಮ ಜೊತೆಗಿದ್ದ ಹಿರಿಯರು ಆ ಕಥೆ ತೆಗೆದರು. ನಮ್ಮ ಕಡೆ ಇದನ್ನು ಕೇಳದವರು ಕಡಿಮೆ. ಆದರೂ ವಿಜಯದಾಸರ ಊರಲ್ಲೇ ಕೂತು ಕೇಳುವುದು ಬೇರೆ ಅಲ್ವಾ.

ಜಗನ್ನಾಥದಾಸರು ಆಗಿನ್ನೂ ಶ್ರೀನಿವಾಸಾಚಾರ್ಯರು. ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡು ಕಟ್ಟುವ ದಾಸರೆಂದರೆ ತಾತ್ಸಾರ. ಮಾನ್ವಿಗೆ ಬಂದ ವಿಜಯದಾಸರು ಊಟಕ್ಕೆ ಕರೆದರೆ, ಹೊಟ್ಟೆನೋವು ಅಂತ ಸುಳ್ಳು ನೆಪ ಹೇಳಿದರಂತೆ. ಆ ನೋವು ನಿಜವಾಗಿಯೇ ಬಂತು. ಯಾವ ಔಷಧಿಗೂ ಬಗ್ಗಲಿಲ್ಲ. ಮಂತ್ರಾಲಯದಲ್ಲಿ ರಾಯರ ಸೇವೆಗೆ ನಿಂತರೆ, ವಿಜಯದಾಸರ ಹತ್ತಿರವೇ ಹೋಗು ಅಂತ ಸ್ವಪ್ನದಲ್ಲಿ ಅಪ್ಪಣೆಯಾಯಿತು. ವಿಜಯದಾಸರು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ಜೋಳದ ರೊಟ್ಟಿಯನ್ನು ಮಂತ್ರಿಸಿ ಕೊಟ್ಟು, ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆ ಎರೆದರು.

ಮೂರನೇ ದಿನ ಎದುರುಗಾಳಿ ಜೋರು. ಜಾಲಿಮುಳ್ಳು ಚುಚ್ಚಿ ಒಬ್ಬರ ಸೈಕಲ್ ಪಂಕ್ಚರ್ ಆಗಿ ತಡವಾಗಿತ್ತು. ರಸ್ತೆ ಪಕ್ಕದ ಎರೆಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದವರು ಬುತ್ತಿ ಬಿಚ್ಚಿ ಕೂತಿದ್ದರು. ಒಬ್ಬ ತಾಯಿ ಕೈ ಎತ್ತಿ ಕೂಗಿದರು. "ಬರ್ರಿ ಅಣ್ಣಾ, ಉಂಡು ಹೋಗ್ರಿ."

ನನಗೆ ಮಾನ್ವಿ ಮುಟ್ಟುವ ಆತುರ. "ಬ್ಯಾಡವ್ವಾ, ಹೊಟ್ಟಿ ಸರಿ ಇಲ್ಲ" ಅಂದುಬಿಟ್ಟೆ.

ಹತ್ತು ಮಾರು ಮುಂದೆ ಹೋಗಿದ್ದೆನೋ ಏನೋ. ಹಿಂದಿನ ಸಂಜೆಯ ಕಥೆ ಎದೆಗೆ ಬಡಿಯಿತು. ಅವೇ ಮಾತು! ಮೈ ಜುಮ್ಮೆಂದಿತು. ಸೈಕಲ್ ತಿರುಗಿಸಿದೆ.

ಆ ತಾಯಿ ಏನೂ ಕೇಳಲಿಲ್ಲ. ಬಟ್ಟೆಯ ಗಂಟಿನಿಂದ ಎರಡು ಕಟಿರೊಟ್ಟಿ ತೆಗೆದು, ಮೇಲೆ ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟು ಕೈಗೆ ಕೊಟ್ಟರು. ಒಣಗಿದ ಹತ್ತಿಕಾಯಿಯ ಸಿಪ್ಪೆ ಗೀರಿ ಅವರ ಬೆರಳ ತುದಿಯೆಲ್ಲ ಸೀಳಿತ್ತು. ಉಗುರಿನ ಸಂದಿಯಲ್ಲಿ ಹತ್ತಿಯ ಎಳೆ. ಆ ಕೈಯ ರೊಟ್ಟಿ ಮುರಿಯುವಾಗ ನನ್ನ ಕಣ್ಣು ತುಂಬಿ ಬಂತು. ಗೋಪಾಲದಾಸರು ಕೊಟ್ಟದ್ದೂ ಇದೇ ಜೋಳದ ರೊಟ್ಟಿ ತಾನೇ.

ಬ್ಯಾಗವಾಟದಲ್ಲಿ, 1728ರಲ್ಲಿ ದಾಸರು ಹುಟ್ಟಿದ ಊರಿನಲ್ಲಿ, ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ. ಕೈಮುಗಿದು ಹೊರಟೆವು.

ಮಾನ್ವಿಯ ಸನ್ನಿಧಿಯಲ್ಲಿ ಒಂದು ಕಂಬ ಇದೆ. 1809ರಲ್ಲಿ ದೇಹ ಬಿಟ್ಟ ದಾಸರು ಆ ಕಂಬದಲ್ಲಿ ನೆಲೆಸಿದ್ದಾರೆ ಅಂತ ನಮ್ಮ ನಂಬಿಕೆ. ಅದರ ಮುಂದೆ ಕೂತು ಹರಿಕಥಾಮೃತಸಾರದ ಪಲ್ಲವಿ ಹೇಳಿದೆವು. ಭಾಮಿನಿ ಷಟ್ಪದಿಯ 32 ಸಂಧಿಗಳ ಅಷ್ಟು ದೊಡ್ಡ ಕೃತಿ. ಕನ್ನಡವನ್ನೇ ಕೀಳಾಗಿ ಕಂಡಿದ್ದ ಪಂಡಿತರು ಅದನ್ನು ಕನ್ನಡದಲ್ಲೇ ಬರೆದರು. ಶುರುವಿನಲ್ಲೇ 'ಗುರುಗಳ ಕರುಣದಿಂದಾಪನಿತು ಪೇಳುವೆ' ಅನ್ನುತ್ತಾರೆ. ಆಪನಿತು ಅಂದರೆ ಆದಷ್ಟು. ಚಿಕ್ಕಂದಿನಿಂದ ಬಾಯಿಪಾಠ ಇದ್ದ ಸಾಲು. ಅವತ್ತು ಆ ಪದಕ್ಕೆ ಬಂದಾಗ ನನ್ನ ದನಿ ಹೊರಡಲೇ ಇಲ್ಲ. ಉಳಿದವರು ಮುಂದುವರಿಸಿದರು.

ಹೊರಗೆ ಎಲೆ ಹಾಕಿ ಊಟಕ್ಕೆ ಕರೆದರು. ಮೊದಲ ಪಂಕ್ತಿಗೇ ಹೋಗಿ ಕೂತೆ.