ಹೊರದೇಶದ ಕೀಪ್ಯಾಡ್ ಫೋನಿಗೆ ಸಿಮ್ ಹಾಕುವ ಮೊದಲು

ಸ್ಮಾರ್ಟ್‌ಫೋನ್ ಬಿಟ್ಟು ಕೀಪ್ಯಾಡ್‌ಗೆ ಬರುವವರಲ್ಲಿ ಹಲವರ ಕಣ್ಣು ಅಮೆರಿಕ, ಯುರೋಪ್, ಜಪಾನಿನ ಮಡಚುವ ಫೋನುಗಳ ಮೇಲೆ. ನೋಡಲು ಚೆಂದ, ಕೈಗೂ ಗಟ್ಟಿ. ಹೇಗೂ ಅಲ್ಲಿಂದ ಬರುವವರು ಯಾರಾದರೂ ಇದ್ದೇ ಇರುತ್ತಾರೆ, ತರಿಸಿಬಿಡೋಣ ಅನ್ನಿಸುತ್ತದೆ. ಆದರೆ ಡಬ್ಬದ ಮೇಲೆ 4ಜಿ ಎಂದು ಅಚ್ಚಾಗಿದ್ದ ಮಾತ್ರಕ್ಕೆ ಆ ಫೋನಿನಿಂದ ಇಲ್ಲಿ ಕರೆ ಹೋಗುತ್ತದೆ ಎಂದೇನಿಲ್ಲ.

ಮೊದಲು ಬ್ಯಾಂಡ್ ನೋಡಿ, ಅಂದರೆ ಫೋನ್ ಹಿಡಿಯಬಲ್ಲ ಅಲೆಗಳ ಪಟ್ಟಿ; ಒಂದೊಂದಕ್ಕೂ ಒಂದು ಸಂಖ್ಯೆ. ಜಿಯೋದ 4ಜಿ ಇರುವುದು 3, 5, 40ನೇ ಬ್ಯಾಂಡ್‌ಗಳಲ್ಲಿ. ಏರ್‌ಟೆಲ್ ಮುಖ್ಯವಾಗಿ 1, 3, 8, 40; ವಿಐ 1, 3, 8, 41, ಸರ್ಕಲ್‌ಗೆ (ಟೆಲಿಕಾಂ ವಲಯಕ್ಕೆ) ತಕ್ಕಂತೆ ಒಂದೆರಡು ಹೆಚ್ಚುಕಡಿಮೆ. ಬಿಎಸ್‌ಎನ್‌ಎಲ್‌ನ ಹೊಸ 4ಜಿ 28 ಮತ್ತು 1ರಲ್ಲಿ. ಅಮೆರಿಕದ ಮಾರುಕಟ್ಟೆಗೆಂದೇ ಮಾಡಿದ ಫ್ಲಿಪ್ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದು 2, 4, 5, 12, 13, 66, 71. ಎರಡು ಪಟ್ಟಿಗೂ ಸೇರುವುದು 5 ಒಂದೇ, ಅಂದರೆ 850 ಮೆಗಾಹರ್ಟ್ಸ್. ಇಲ್ಲಿ ಅದು ಜಿಯೋದ್ದು. ತೊಂದರೆ ಶುರುವಾಗುವುದು ಅಲ್ಲೇ.

ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. ಮಾತೆಲ್ಲ ವೋಎಲ್‌ಟಿಇ (4ಜಿ ಜಾಲದಲ್ಲೇ ಧ್ವನಿ ಕರೆ ಸಾಗಿಸುವ ವಿಧಾನ) ಮೇಲೆಯೇ ಹೋಗಬೇಕು. ವೋಎಲ್‌ಟಿಇ ಹತ್ತಬೇಕಾದರೆ ಆ ಕಂಪನಿಯ ಸೆಟ್ಟಿಂಗ್ ಫೋನಿನ ಸಾಫ್ಟ್‌ವೇರ್ ಒಳಗೆ ಮೊದಲೇ ಇರಬೇಕು. ಭಾರತದ ಸಿಮ್‌ಗಳ ದೇಶಸಂಕೇತ 404, 405. ಅಮೆರಿಕದ ಕಂಪನಿಗಾಗಿ ತಯಾರಾದ ಫೋನ್ ಈ ಸಂಖ್ಯೆ ಕಂಡರೆ ಯಾವ ಸೆಟ್ಟಿಂಗ್ ಹಾಕಿಕೊಳ್ಳಬೇಕೆಂದು ತಿಳಿಯದೆ ಸುಮ್ಮನಿರುತ್ತದೆ. ಲಕ್ಷಣ ಸ್ಪಷ್ಟ: ಸಿಗ್ನಲ್ ಕಡ್ಡಿ ತುಂಬಿರುತ್ತದೆ, ಇಂಟರ್‌ನೆಟ್ಟೂ ಓಡುತ್ತದೆ, ಕರೆ ಒತ್ತಿದೊಡನೆ ಪರದೆ ಮಿನುಗಿ ಹಿಂದಿನ ಪುಟಕ್ಕೆ ಬರುತ್ತದೆ. ನಿಮಗೆ ಫೋನ್ ಮಾಡಿದವರಿಗೆ ಸಂಪರ್ಕ ಸಿಗುವುದಿಲ್ಲ. ಎಪಿಎನ್ (ಇಂಟರ್‌ನೆಟ್ ಸಂಪರ್ಕದ ಸೆಟ್ಟಿಂಗ್) ಬದಲಿಸಿ, ರೀಸೆಟ್ ಮಾಡಿ ಎಂಬ ಸಲಹೆಗಳಿಂದ ಇದು ಸರಿಹೋಗದು. ವೋಎಲ್‌ಟಿಇ ಸೆಟ್ಟಿಂಗ್ ಬದಲಿಸುವ ಮೆನುವೇ ಸಾಮಾನ್ಯವಾಗಿ ಕೀಪ್ಯಾಡ್ ಫೋನುಗಳಲ್ಲಿ ಇರುವುದಿಲ್ಲ.

ಏರ್‌ಟೆಲ್, ವಿಐ ಕತೆ ಬೇರೆ. ಅವುಗಳ 2ಜಿ 900 ಮತ್ತು 1800 ಮೆಗಾಹರ್ಟ್ಸ್‌ನಲ್ಲಿ ಇನ್ನೂ ಜೀವಂತ. ವೋಎಲ್‌ಟಿಇ ಹತ್ತದಿದ್ದರೆ ಕರೆಯ ಹೊತ್ತಿಗೆ ಫೋನ್ 2ಜಿಗೆ ಇಳಿಯುತ್ತದೆ. ಹಾಗಾಗಿ ವಿವರಪಟ್ಟಿಯಲ್ಲಿ ಹುಡುಕಬೇಕಾದ ಸಾಲು, 2ಜಿಯನ್ನು ಸೂಚಿಸುವ 'ಜಿಎಸ್‌ಎಂ 900/1800'. ಅಮೆರಿಕದ ಈಚಿನ ಕೆಲವು ಮಾದರಿಗಳಲ್ಲಿ ಅದನ್ನೂ ಕಿತ್ತುಹಾಕಿದ್ದಾರೆ, ಅಂಥದ್ದು ಇಲ್ಲಿ ಬರೀ ಅಲಾರಾಂ ಗಡಿಯಾರ. ಯುರೋಪಿನ ಮಾದರಿಗಳಲ್ಲಿ 1, 3, 8 ಸಾಮಾನ್ಯವಾಗಿ ಇರುವುದರಿಂದ ಏರ್‌ಟೆಲ್, ವಿಐಗೆ ಅವೇ ವಾಸಿ. ಪರೀಕ್ಷೆ ಸುಲಭ. ಕರೆ ಮಾಡಿ, ರಿಂಗ್ ಆಗುವಾಗ ಮೇಲ್ಮೂಲೆಯಲ್ಲಿ 4ಜಿ ಗುರುತು ಹಾಗೇ ಉಳಿದರೆ ವೋಎಲ್‌ಟಿಇ ಹತ್ತಿದೆ. ಅದು ಹೋಗಿ ಇಂಗ್ಲಿಷಿನ ಇ ಅಥವಾ ಜಿ ಬಂದರೆ 2ಜಿಗೆ ಇಳಿದಿದೆ ಎಂದರ್ಥ. ಮಾತಿಗೆ, ಎಸ್ಸೆಮ್ಮೆಸ್ಸಿಗೆ ಅಷ್ಟು ಸಾಕು. ಡೇಟಾ ಬೇಡ ಅಂತ ತಾನೇ ಈ ಫೋನ್!

ಜಿಯೋ ನಂಬರನ್ನೇ ಉಳಿಸಿಕೊಳ್ಳಬೇಕಾದವರು ಹೊರದೇಶದ ಫೋನಿನ ಆಸೆ ಬಿಟ್ಟು ಇಲ್ಲಿನದೇ 4ಜಿ ಕೀಪ್ಯಾಡ್ ಕೊಳ್ಳುವುದು ಮೇಲು. ಇಲ್ಲವೇ ನಂಬರ್ ಉಳಿಸಿಕೊಂಡೇ ಬೇರೆ ಕಂಪನಿಗೆ ಪೋರ್ಟ್ ಮಾಡಿ: ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಂಬರ್ ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್. ಬರುವ ಕೋಡ್ ಕರ್ನಾಟಕದಲ್ಲಿ 4 ದಿನ ಚಾಲ್ತಿ. ಇ-ಸಿಮ್ ಇರುವವರು ಪೋರ್ಟ್ ಮಾಡದೆ ಅದೇ ಕಂಪನಿಯಲ್ಲಿ ಉಳಿಯುವುದಾದರೆ ಮೊದಲು ಪ್ಲಾಸ್ಟಿಕ್ ಸಿಮ್ ಮಾಡಿಸಿಕೊಳ್ಳಬೇಕು. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬಂದ್, ಅಂದರೆ ಬ್ಯಾಂಕಿನ ಒಟಿಪಿಯೂ ಇಲ್ಲ. ಸಿಮ್ ಬದಲಾದ ದಿನದಿಂದ 7 ದಿನ ಪೋರ್ಟ್ ಮಾಡಲೂ ಬಿಡುವುದಿಲ್ಲ. ತಿಂಗಳ ಮೊದಲ ವಾರ, ಬಾಡಿಗೆ ಕಟ್ಟುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ಇನ್ನು ಕನ್ನಡ. ಭಾರತದಲ್ಲಿ ಮಾರುವ ಫೋನುಗಳು ಐಎಸ್ 16333 ಮಾನಕದ ಮೂರನೇ ಭಾಗದಂತೆ ಸಂವಿಧಾನದ 22 ಭಾಷೆಗಳನ್ನೂ ಪರದೆಯ ಮೇಲೆ ತೋರಿಸಬೇಕು. ಅಲ್ಲಿ ಮಾರುವ ಫೋನಿಗೆ ಆ ಹಂಗಿಲ್ಲ. ಕನ್ನಡದ ಎಸ್ಸೆಮ್ಮೆಸ್ ಬಂದರೆ ಸಾಲುಸಾಲು ಖಾಲಿ ಚೌಕ. ಕೆಲವು ಫೋನುಗಳಲ್ಲಿ ಅಕ್ಷರ ಇರುತ್ತದೆ, ಜೋಡಿಸುವ ವ್ಯವಸ್ಥೆ ಇರುವುದಿಲ್ಲ: ಒತ್ತು ಕೆಳಗೆ ಹೋಗದೆ ಪಕ್ಕದಲ್ಲೇ ನಿಲ್ಲುತ್ತದೆ, 'ಕರ್ನಾಟಕ' ಹೋಗಿ 'ಕರ್‌ನಾಟಕ' ಆಗುತ್ತದೆ. ಫಾಂಟ್ ಸೇರಿಸಲು ದಾರಿಯಿಲ್ಲ. ಆದ್ದರಿಂದ ಫೋನ್ ಅಲ್ಲಿರುವಾಗಲೇ 'ಶ್ರೀ, ಜ್ಞಾನ, ಕರ್ನಾಟಕ' ಎಂಬ ಒಂದು ಸಂದೇಶ ಕಳಿಸಿ, ಪರದೆಯ ಫೋಟೊ ತರಿಸಿ ನೋಡಿ. ಅಲ್ಲಿನ ಕಂಪನಿಯ ಲಾಕ್ (ಬೇರೆ ಕಂಪನಿಯ ಸಿಮ್ ನಡೆಯದಂತೆ ಹಾಕಿದ ಬೀಗ) ಇದ್ದರೆ ಅದನ್ನೂ ಅಲ್ಲೇ ಬಿಡಿಸಬೇಕು, ಇಲ್ಲಿಗೆ ಬಂದ ಮೇಲೆ ಬಿಡಿಸಿಕೊಳ್ಳುವುದು ತಲೆನೋವು. ಜಪಾನಿನಲ್ಲಿ 2021ರ ಅಕ್ಟೋಬರ್‌ನಿಂದ ಲಾಕ್ ಮಾಡಿ ಮಾರುವುದಕ್ಕೆ ತಡೆ ಇದೆ. ಅದಕ್ಕಿಂತ ಹಳೆಯ ಸೆಟ್ಟುಗಳ ಬಗ್ಗೆ ಎಚ್ಚರ.

ಹೆಸರುಪಟ್ಟಿ ಸಾಗಿಸುವಾಗಲೂ ಕನ್ನಡವೇ ತೊಡಕು. ಆಂಡ್ರಾಯ್ಡ್ ಹೊರತೆಗೆಯುವ ವಿಸಿಎಫ್ ಕಡತದಲ್ಲಿ ಕನ್ನಡದ ಹೆಸರು ಸಮಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳ ಸಂಕೇತವಾಗಿ ಕೂರುತ್ತದೆ. ಅದನ್ನು ಬಿಡಿಸಲಾರದ ಫೋನ್ 'ಸರೋಜ ಅತ್ತೆ'ಯನ್ನು ಅಂಥ ಸಂಕೇತಗಳ ರಾಶಿಯಾಗಿ ತೋರಿಸುತ್ತದೆ. ಮೊದಲೇ ಹೆಸರುಗಳನ್ನು ಇಂಗ್ಲಿಷ್ ಲಿಪಿಗೆ ತಿದ್ದಿ, ಫೋಟೊಗಳನ್ನು ತೆಗೆದುಹಾಕಿ (ಕಡತ ಊದುವುದು ಅವುಗಳಿಂದಲೇ), ಎಲ್ಲ ನಂಬರಿಗೂ +91 ಹಚ್ಚಿ, ಬ್ಲೂಟೂತ್ ಅಥವಾ ಕಾರ್ಡಿನಲ್ಲಿ ಕಳಿಸಿ. ಕಾರ್ಡ್ 32 ಜಿಬಿ ಮೀರದಿರಲಿ, ಫ್ಯಾಟ್32ಗೆ ಫಾರ್ಮ್ಯಾಟ್ ಆಗಿರಲಿ. ಸಿಮ್ಮಿಗೇ ತುಂಬಿಸುವ ಹಳೆಯ ದಾರಿಯಲ್ಲಿ ಉದ್ದ ಹೆಸರು ತುಂಡಾಗುತ್ತದೆ, ಒಬ್ಬರಿಗೆ ಒಂದೇ ನಂಬರ್ ಉಳಿಯುತ್ತದೆ.

ದುಡ್ಡಿನ ವಿಷಯ. ಬ್ಯಾಂಕಿಗೆ ಕೊಟ್ಟ ನಂಬರ್ ಕೀಪ್ಯಾಡ್‌ನಲ್ಲಿದ್ದರೆ *99# ಒತ್ತಿ ಯುಪಿಐ ನಡೆಸಬಹುದು, ಮಿತಿ 5,000 ರೂಪಾಯಿ. ಪಿನ್ ಇಡಲು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು ಕೈಗೆ ಸಿಗುವಂತಿರಲಿ. 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ ಕರೆಯ ಮೂಲಕವೂ ನಡೆಯುತ್ತದೆ, ಅದರ ಮಿತಿ 10,000. ಆದರೆ *99#ನಲ್ಲಿ ಕ್ಯೂಆರ್ ಸ್ಕ್ಯಾನ್ ಇಲ್ಲ. ಅಂಗಡಿಯವರ ನಂಬರನ್ನೋ ಯುಪಿಐ ಐಡಿಯನ್ನೋ ಕುಟ್ಟಬೇಕು. ಐಡಿಯ ನಡುವಿನ ಆ ಸುತ್ತು ಚಿಹ್ನೆ (@) ಯಾವ ಕೀಲಿಯ ಎಷ್ಟನೇ ಒತ್ತಿಗೆ ಬರುತ್ತದೆಂದು ಹುಡುಕುವಷ್ಟರಲ್ಲಿ ಸೆಷನ್ ಕಡಿದುಹೋಗುತ್ತದೆ. ಬೆಳಗಿನ ದರ್ಶಿನಿ ಸಾಲಿನಲ್ಲಿ ಈ ಸಾಹಸ ಬೇಡ, ಜೇಬಿನಲ್ಲಿ ಚಿಲ್ಲರೆ ಇರಲಿ. ಮೆಟ್ರೋಗೆ ಸ್ಮಾರ್ಟ್ ಕಾರ್ಡ್ ಇದ್ದರೆ ಫೋನಿನ ಹಂಗೇ ಇಲ್ಲ.

ಹಳೆಯ ಫೋನಿನಲ್ಲಿ ಸಿಮ್ ಇಲ್ಲದೆ ವೈಫೈ ಮೇಲೆ ವಾಟ್ಸಾಪ್ ಇಟ್ಟುಕೊಳ್ಳುವ ಉಪಾಯವನ್ನು ನೆಚ್ಚಿಕೊಳ್ಳಬೇಡಿ. ಇಂಥ ಆ್ಯಪ್‌ಗಳು ಫೋನಿನಲ್ಲಿರುವ ಸಿಮ್ಮಿಗೆ ಸದಾ ಬೆಸೆದುಕೊಂಡಿರಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ನಿರ್ದೇಶನ ಕೊಟ್ಟಿದೆ.

ಹಿರಿಯರಿಗೆ ಕೊಡುವುದಾದರೆ ಇನ್ನೊಂದು. ಇಲ್ಲಿನ ಕೀಪ್ಯಾಡ್ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿಹಿಡಿದರೆ ತುರ್ತು ಕರೆ 112ಕ್ಕೆ ಹೋಗುವ ಏರ್ಪಾಟು ಇರುತ್ತದೆ. 2017ರಿಂದ ಅದು ಕಡ್ಡಾಯ. ಹೊರಗಿನ ಸೆಟ್ಟಿನಲ್ಲಿ ಇದನ್ನು ನಿರೀಕ್ಷಿಸುವಂತಿಲ್ಲ. ಸ್ಪೀಡ್ ಡಯಲ್ ಇದ್ದರೆ 5ನೇ ಕೀಲಿಗೆ ಮನೆಯವರ ನಂಬರ್ ಕೂರಿಸಿ, 112 ಅನ್ನು ಕೈಯಾರೆ ಒತ್ತುವುದನ್ನು ಹೇಳಿಕೊಡಿ. ಚಾರ್ಜರಿನ ಬೆನ್ನಮೇಲೆ 100-240 ವೋಲ್ಟ್ ಎಂದಿದೆಯೇ ನೋಡಿ. ಬರೀ 100 ಅಥವಾ 120 ಎಂದಿದ್ದರೆ ನಮ್ಮ ಗೋಡೆಯ ಪ್ಲಗ್ಗಿಗೆ ಚುಚ್ಚಬೇಡಿ. ಬ್ಯಾಟರಿ ಬಿಎಲ್-5ಸಿ ಎಂಬ ಮಾದರಿಯದ್ದಾಗಿದ್ದರೆ ಯಾವ ಊರಿನ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಬೇರೆ ಆಕಾರದ್ದಾದರೆ ಫೋನಿನ ಜೊತೆಗೇ ಇನ್ನೊಂದು ತರಿಸಿ, ಬಿಡಿ ಲಿಥಿಯಂ ಬ್ಯಾಟರಿ ವಿಮಾನದಲ್ಲಿ ಕೈಚೀಲದಲ್ಲೇ ಬರಬೇಕು, ಲಗೇಜಿಗೆ ಹಾಕುವಂತಿಲ್ಲ.