ಪೈರೇಟ್ಸ್ ಅಭಿಮಾನಿ ನಾನು, ಆದರೂ ಸ್ಯಾಲರಿ ಕ್ಯಾಪ್ ಬೇಡ

ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಪುಳಿಯೋಗರೆ ತಟ್ಟೆ ಹಿಡಿದು ಕೂತರೆ ಸಾಕು, ಯಾರಾದರೊಬ್ಬರು ಕೇಳೇ ಕೇಳುತ್ತಾರೆ. "ಅಲ್ಲಾ ಮಾರಾಯ್ರೆ, ಐಪಿಎಲ್‌ನಲ್ಲಿ ಎಲ್ಲ ತಂಡಕ್ಕೂ ಒಂದೇ ಪರ್ಸ್. ಇಲ್ಲಿ ಅಮೆರಿಕನ್ ಫುಟ್‌ಬಾಲ್‌ಗೂ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳಕ್ಕೆ ಮಿತಿ, ಇದೆ. ಐಸ್ ಹಾಕಿಗೂ ಇದೆ. ಬೇಸ್‌ಬಾಲ್‌ಗೆ ಮಾತ್ರ ಯಾಕಿಲ್ಲ? ಲಾಸ್ ಏಂಜಲೀಸ್‌ನ ಡಾಡ್ಜರ್ಸ್‌ನವರು ದುಡ್ಡು ಸುರಿದು ಕಪ್ ಕೊಂಡುಕೊಳ್ತಾ ಇದ್ದಾರೆ. ನಿಮ್ಮ ಪೈರೇಟ್ಸ್ ಗತಿ ನೋಡಿ!"

ನಾನು ಪಿಟ್ಸ್‌ಬರ್ಗ್‌ನ ಬೇಸ್‌ಬಾಲ್ ತಂಡ ಪೈರೇಟ್ಸ್‌ನ ಅಭಿಮಾನಿ. ಈ ತಂಡ ಕೊನೆಯ ಸಲ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್‌ನ ಕಪ್, ಗೆದ್ದದ್ದು 1979ರಲ್ಲಿ. 1993ರಿಂದ 2012ರವರೆಗೆ ಒಂದೇ ಸಮನೆ 20 ವರ್ಷ, ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಇಂಥ ತಂಡದ ಅಭಿಮಾನಿ "ಹೌದು ಸ್ವಾಮಿ, ಕ್ಯಾಪ್ ತನ್ನಿ" ಅಂತಾನೆ ಎಂದು ಎಲ್ಲರೂ ಕಾಯುತ್ತಾರೆ. ನಾನು ಬೇಡ ಅಂದಾಗ ಪುಳಿಯೋಗರೆ ಗಂಟಲಲ್ಲೇ ನಿಲ್ಲುತ್ತದೆ, ಅವರಿಗೆ.

ಮೊದಲು ಡಾಡ್ಜರ್ಸ್ ವಿಷಯ ಒಪ್ಪಿಕೊಂಡುಬಿಡುತ್ತೇನೆ. 2023ರ ಡಿಸೆಂಬರ್‌ನಲ್ಲಿ ಶೊಹೇ ಒಹ್ತಾನಿಗೆ 10 ವರ್ಷಕ್ಕೆ 70 ಕೋಟಿ ಡಾಲರ್ ಕೊಟ್ಟರು. ಅದರಲ್ಲೂ ಒಂದು ಚಮತ್ಕಾರ. ಆಡುವಾಗ ಅವನಿಗೆ ವರ್ಷಕ್ಕೆ ಬರೋದು 20 ಲಕ್ಷ ಡಾಲರ್ ಅಷ್ಟೇ. ಉಳಿದ 68 ಕೋಟಿ 2034ರಿಂದ 2043ರವರೆಗೆ ಕಂತಿನಲ್ಲಿ. 2024ರಲ್ಲಿ ಕಪ್ ಗೆದ್ದರು, 2025ರಲ್ಲಿ ಮತ್ತೆ ಗೆದ್ದರು. ಅಷ್ಟಕ್ಕೂ ಸುಮ್ಮನಾಗದೆ 2026ರ ಜನವರಿಯಲ್ಲಿ ಕೈಲ್ ಟಕರ್‌ಗೆ 4 ವರ್ಷಕ್ಕೆ 24 ಕೋಟಿ ಕೊಟ್ಟು ಕರೆದುಕೊಂಡರು. ಆ ಸುದ್ದಿ ಓದಿದ ದಿನ ನಾನೂ ಬೈದೆ. ಏನು ಬೈದೆ ಅಂತ ಇಲ್ಲಿ ಬರೆಯೋದು ಬೇಡ.

ಹಾಗಂತ ಖರ್ಚಿಗೆ ಏನೂ ತಡೆಯೇ ಇಲ್ಲ ಅಂತಲ್ಲ. ಕ್ಯಾಪ್ ಬದಲು ಒಂದು ದಂಡ ಇದೆ, ಲಕ್ಷುರಿ ಟ್ಯಾಕ್ಸ್ ಅಂತ ಎಲ್ಲರೂ ಕರೆಯುತ್ತಾರೆ. 2025ರಲ್ಲಿ ಗೆರೆ ಎಳೆದದ್ದು 24.1 ಕೋಟಿ ಡಾಲರ್‌ಗೆ. ಅದರ ಮೇಲೆ ಹೋದರೆ ದಂಡ. ಸತತ ಮೂರನೇ ವರ್ಷವೂ ಗೆರೆ ದಾಟಿ, ಅದೂ 6 ಕೋಟಿಗಿಂತ ಜಾಸ್ತಿ ದಾಟಿದರೆ, ಅಲ್ಲಿಂದ ಮೇಲಿನ ಪ್ರತಿ ಡಾಲರ್‌ಗೆ 1 ಡಾಲರ್ 10 ಸೆಂಟ್ ಕಕ್ಕಬೇಕು. ಅಂದರೆ ಆಟಗಾರನಿಗೆ ಕೊಟ್ಟದ್ದಕ್ಕಿಂತ ದಂಡವೇ ದೊಡ್ಡದು. 2025ಕ್ಕೆ ಡಾಡ್ಜರ್ಸ್ ಕಟ್ಟಿದ ದಂಡ ಸುಮಾರು 17 ಕೋಟಿ. ಪೈರೇಟ್ಸ್‌ನ ಇಡೀ ತಂಡದ ಸಂಬಳಕ್ಕಿಂತ ಅದು ಜಾಸ್ತಿ! ದಂಡ ಕಟ್ಟಿಯೂ ನಗುತ್ತಾ ಇರುವವರನ್ನು ದಂಡದಿಂದ ತಡೆಯೋಕಾಗಲ್ಲ, ನಿಜ.

ಆದರೆ ದುಡ್ಡು ಸುರಿದರೆ ಕಪ್ ಬರುತ್ತೆ ಅನ್ನೋದಿದೆಯಲ್ಲ, ಅದನ್ನು ನ್ಯೂಯಾರ್ಕ್‌ನ ಮೆಟ್ಸ್ ತಂಡದ ಅಭಿಮಾನಿಗಳ ಹತ್ತಿರ ಹೇಳಿ ನೋಡಿ. 2023ರಲ್ಲಿ ಎಲ್ಲರಿಗಿಂತ ದುಬಾರಿ ತಂಡ ಅವರದೇ. 75 ಪಂದ್ಯ ಗೆದ್ದು 87 ಸೋತರು. ಆಮೇಲೆ ಹ್ವಾನ್ ಸೋಟೋಗೆ 15 ವರ್ಷಕ್ಕೆ 76.5 ಕೋಟಿ ಕೊಟ್ಟರು. 2025ರಲ್ಲಿ ಪ್ಲೇಆಫ್‌ಗೂ ಬರಲಿಲ್ಲ. ಅದೇ ವರ್ಷ ಲೀಗ್ ಹಂತದಲ್ಲಿ ಎಲ್ಲರಿಗಿಂತ ಹೆಚ್ಚು ಗೆದ್ದದ್ದು ಮಿಲ್ವಾಕಿ ಅನ್ನೋ ಪುಟ್ಟ ಊರಿನ ತಂಡ, 97 ಪಂದ್ಯ. ಡಾಡ್ಜರ್ಸ್ ಕೂಡ 2025ರ ಕೊನೆಯ ಪಂದ್ಯದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಸೋಲಿನ ಬಾಗಿಲಲ್ಲಿದ್ದರು. ಕಾಪಾಡಿದ ಹೋಮ್ ರನ್ ಹೊಡೆದದ್ದು ಮಿಗೆಲ್ ರೋಹಾಸ್. ಒಹ್ತಾನಿಯ 70 ಕೋಟಿ ಪಕ್ಕ ಇಟ್ಟರೆ ಅವನ ಒಪ್ಪಂದ ಚಿಲ್ಲರೆ. 2000ದ ನ್ಯೂಯಾರ್ಕ್ ಯಾಂಕೀಸ್ ಆದ ಮೇಲೆ ಸತತ ಎರಡು ವರ್ಷ ಕಪ್ ಗೆದ್ದ ತಂಡ ಡಾಡ್ಜರ್ಸ್ ಬಿಟ್ಟು ಇನ್ನೊಂದಿಲ್ಲ.

ಸರಿ, ಈಗ ಫುಟ್‌ಬಾಲ್‌ಗೆ ಬನ್ನಿ. ಈ ಊರಲ್ಲಿ ಎಲ್ಲ ವಾದವೂ ಕೊನೆಗೆ ನಮ್ಮ ಫುಟ್‌ಬಾಲ್ ತಂಡ ಸ್ಟೀಲರ್ಸ್ ಹತ್ತಿರ ಬಂದು ನಿಲ್ಲುತ್ತೆ. "ಕ್ಯಾಪ್ ಇರೋದಕ್ಕೇ ಅಲ್ವಾ ಪಿಟ್ಸ್‌ಬರ್ಗ್‌ನಂಥ ಊರು ನ್ಯೂಯಾರ್ಕ್ ಜೊತೆ ಸಮಸಮ ಆಡೋದು?"

ಅಲ್ಲ. ಸ್ಟೀಲರ್ಸ್ ಗೆದ್ದ ಆರು ಸೂಪರ್ ಬೌಲ್‌ಗಳಲ್ಲಿ, ಅಂದರೆ ಫುಟ್‌ಬಾಲ್ ಕಪ್‌ಗಳಲ್ಲಿ, ನಾಲ್ಕು ಬಂದದ್ದು ಕ್ಯಾಪ್ ಹುಟ್ಟುವ ಮೊದಲು. ಫುಟ್‌ಬಾಲ್ ಕ್ಯಾಪ್ ಬಂದದ್ದು 1994ರಲ್ಲಿ, ಆ ನಾಲ್ಕು 70ರ ದಶಕದವು. ಅಲ್ಲಿ ಕೆಲಸ ಮಾಡ್ತಾ ಇರೋದು ಬೇರೆ. ಫುಟ್‌ಬಾಲ್‌ನ ಟಿವಿ ದುಡ್ಡು ಇಡೀ ದೇಶಕ್ಕೆ ಒಂದೇ ಗಂಟು. 32 ತಂಡಕ್ಕೂ ಸಮಪಾಲು. ಟಿವಿಯ ಜೊತೆ ಲೀಗ್‌ನ ಉಳಿದ ಹಂಚಿಕೆಯೂ ಸೇರಿ ಈಚೆಗೆ ಒಂದೊಂದು ತಂಡಕ್ಕೆ ವರ್ಷಕ್ಕೆ 40 ಕೋಟಿ ಡಾಲರ್ ದಾಟಿ ಬರ್ತಾ ಇದೆ. 2025ರ ಕ್ಯಾಪ್ ಎಷ್ಟು? ಸುಮಾರು 28 ಕೋಟಿ. ಅಂದರೆ ಒಂದೇ ಒಂದು ಟಿಕೆಟ್ ಮಾರದೆ, ಒಂದು ಬಿಯರ್ ಮಾರದೆ, ಎಲ್ಲ ಆಟಗಾರರಿಗೂ ಸಂಬಳ ಕೊಟ್ಟು ಮಿಗಿಸಬಹುದು.

ಬೇಸ್‌ಬಾಲ್ ಹಾಗಲ್ಲ. ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತೆ. ಅದರಲ್ಲಿ ಹೆಚ್ಚಿನವನ್ನು ಆಯಾ ಊರಿನ ಚಾನೆಲ್‌ಗೆ ತಂಡವೇ ಮಾರಿಕೊಳ್ಳುತ್ತೆ. ಡಾಡ್ಜರ್ಸ್ 2013ರಲ್ಲಿ ಲಾಸ್ ಏಂಜಲೀಸ್‌ನ ಟಿವಿ ಹಕ್ಕನ್ನು 25 ವರ್ಷಕ್ಕೆ ಕೊಟ್ಟು 835 ಕೋಟಿ ಡಾಲರ್‌ಗೆ ಸಹಿ ಹಾಕಿಸಿಕೊಂಡರು. ಪಿಟ್ಸ್‌ಬರ್ಗ್‌ನಲ್ಲಿ ಅಷ್ಟು ಮನೆಯೇ ಇಲ್ಲ, ಟಿವಿ ಎಲ್ಲಿಂದ ಬರಬೇಕು? ಅದರ ಮೇಲೆ 2023ರಲ್ಲಿ ಹಲವು ತಂಡಗಳ ಪಂದ್ಯ ತೋರಿಸುತ್ತಿದ್ದ ದೊಡ್ಡ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಊರಿನ ಆದಾಯದಲ್ಲಿ 48 ಪರ್ಸೆಂಟ್ ಒಂದು ಗಂಟಿಗೆ ಹೋಗಿ ಎಲ್ಲರಿಗೂ ಹಂಚಿಕೆಯಾಗುತ್ತೆ, ಇಲ್ಲ ಅಂತಲ್ಲ. ಆದರೂ ಅಂತರ ಮುಚ್ಚುತ್ತಾ ಇಲ್ಲ.

ಹಾಗಾದರೆ ಜಗಳ ಯಾರ ಮಧ್ಯೆ? ದೊಡ್ಡ ಊರಿನ ಮಾಲೀಕರು ಮತ್ತು ಸಣ್ಣ ಊರಿನ ಮಾಲೀಕರ ಮಧ್ಯೆ. ಕ್ಯಾಪ್ ಕೈ ಹಾಕೋದು ಯಾರ ಜೇಬಿಗೆ? ಆಟಗಾರರ ಜೇಬಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನಾಳೆ ಬೆಳಗ್ಗೆ ಕ್ಯಾಪ್ ಬಂತು ಅಂತಿಟ್ಟುಕೊಳ್ಳಿ. ಡಾಡ್ಜರ್ಸ್ ಮಾಲೀಕರಿಗೆ ಹತ್ತಾರು ಕೋಟಿ ಉಳಿಯುತ್ತೆ. ಪೈರೇಟ್ಸ್‌ಗೆ ಅದರಲ್ಲಿ ಒಂದು ಡಾಲರ್ ಕೂಡ ಬರಲ್ಲ.

ಇನ್ನು ಐಪಿಎಲ್. 2025ಕ್ಕೆ ಪರ್ಸ್ 120 ಕೋಟಿ ರೂಪಾಯಿ, ಎಲ್ಲರಿಗೂ ಒಂದೇ. ಅಲ್ಲೂ ಮಾಧ್ಯಮದ ದುಡ್ಡು ಬಿಸಿಸಿಐ ಕೈಯಿಂದ ಎಲ್ಲ ತಂಡಕ್ಕೂ ಹಂಚಿಕೆಯಾಗುತ್ತೆ, ಅದಕ್ಕೇ ಪರ್ಸ್ ನಡೆಯುತ್ತೆ. ಆದರೆ ಆಟಗಾರನ ಕಡೆಯಿಂದ ನೋಡಿ. ಹರಾಜಿಗೆ ನಿಂತ ಮೇಲೆ ಯಾರು ಕೈ ಎತ್ತುತ್ತಾರೋ ಅವರ ಕಡೆ ಹೋಗಬೇಕು. ನನಗೆ ಬೆಂಗಳೂರೇ ಬೇಕು ಅನ್ನೋ ಹಾಗಿಲ್ಲ. ಒಂದೇ ಪರ್ಸ್ ಇದ್ದರೆ ಎಲ್ಲರಿಗೂ ಸರದಿಯಂತೆ ಕಪ್ ಸಿಗುತ್ತೆ ಅಂತಾನೂ ಅಲ್ಲ. ಆರ್‌ಸಿಬಿ ಅಭಿಮಾನಿಗಳಿಗೆ ಅದು ಯಾರೂ ಹೇಳಿಕೊಡಬೇಕಾಗಿಲ್ಲ. 18ನೇ ಸೀಸನ್‌ವರೆಗೆ ಕಾದರು.

ಬೇಸ್‌ಬಾಲ್ ಆಟಗಾರರು ಈ ವಿಷಯದಲ್ಲಿ ಯಾಕೆ ಇಷ್ಟು ಹಟ ಹಿಡೀತಾರೆ ಅಂತ ತಿಳಿಯೋಕೆ ಸ್ವಲ್ಪ ಹಿಂದೆ ಹೋಗಬೇಕು. ಒಂದು ಕಾಲದಲ್ಲಿ ರಿಸರ್ವ್ ಕ್ಲಾಸ್ ಅಂತ ಒಂದು ಷರತ್ತಿತ್ತು. ಒಪ್ಪಂದ ಮುಗಿದರೂ ತಂಡ ಆಟಗಾರನನ್ನು ಬಿಡಬೇಕಾಗಿರಲಿಲ್ಲ. ವರ್ಷ ವರ್ಷ ತಾನೇ ಮುಂದುವರಿಸಿಕೊಳ್ಳಬಹುದಿತ್ತು, ಆಟಗಾರ ಮುದುಕ ಆಗೋವರೆಗೆ. 1969ರಲ್ಲಿ ಸೇಂಟ್ ಲೂಯಿ ಕಾರ್ಡಿನಲ್ಸ್‌ನವರು ಕರ್ಟ್ ಫ್ಲಡ್‌ನನ್ನು ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟರು. ಅವನನ್ನು ಕೇಳಲೂ ಇಲ್ಲ. ಅವನ ಸಂಬಳ ಆಗ 90,000 ಡಾಲರ್, ಆ ಕಾಲಕ್ಕೆ ಭಾರಿ ಮೊತ್ತ. ಆದರೂ ಹೋಗಲ್ಲ ಅಂದ. ಸಂಬಳ ಎಷ್ಟು ಚೆನ್ನಾಗಿದ್ದರೂ ಗುಲಾಮ ಗುಲಾಮನೇ ಅಂದ. ಒಬ್ಬ ಕಪ್ಪು ಆಟಗಾರ ಆ ದಿನಗಳಲ್ಲಿ ಟಿವಿಯಲ್ಲಿ ಕೂತು ಆ ಮಾತು ಹೇಳೋದು ಸಣ್ಣ ವಿಷಯ ಅಲ್ಲ. ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1972ರಲ್ಲಿ 5-3ರಲ್ಲಿ ಸೋತ. ಅಷ್ಟರಲ್ಲಿ ಅವನ ಆಟವೇ ಮುಗಿದಿತ್ತು.

ಅವನು ಸೋತದ್ದನ್ನು ಆಟಗಾರರ ಸಂಘ ಬೇರೆ ದಾರಿಯಲ್ಲಿ ಗೆದ್ದಿತು. ಉಕ್ಕಿನ ಕಾರ್ಮಿಕರ ಸಂಘದಲ್ಲಿ ಪಳಗಿದ್ದ ಮಾರ್ವಿನ್ ಮಿಲ್ಲರ್ 1966ರಲ್ಲಿ ಈ ಸಂಘದ ಚುಕ್ಕಾಣಿ ಹಿಡಿದಿದ್ದ. 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್, ಮೆಸರ್‌ಸ್ಮಿತ್ ಮತ್ತು ಮೆಕ್‌ನ್ಯಾಲಿ ಅನ್ನೋ ಇಬ್ಬರು ಪಿಚರ್‌ಗಳು (ಚೆಂಡು ಎಸೆಯುವವರು) ಇನ್ನು ಸ್ವತಂತ್ರರು ಅಂತ ತೀರ್ಪು ಕೊಟ್ಟ. ಮಾಲೀಕರು ತಕ್ಷಣ ಸೈಟ್ಜ್‌ನನ್ನೇ ಕೆಲಸದಿಂದ ತೆಗೆದರು! ಆದರೆ ಬಾಗಿಲು ತೆರೆದಾಗಿತ್ತು. ಫ್ರೀ ಏಜೆಂಟ್, ಅಂದರೆ ಯಾವ ತಂಡಕ್ಕಾದರೂ ಹೋಗಬಲ್ಲ ಆಟಗಾರ, ಅನ್ನೋ ಪದ ಎಲ್ಲರ ಬಾಯಿಗೆ ಬಂದದ್ದು ಹೀಗೆ. ಮುಂದೆ 80ರ ದಶಕದಲ್ಲಿ ಮಾಲೀಕರೆಲ್ಲ ಒಳಗೊಳಗೇ ಸೇರಿಕೊಂಡು ಫ್ರೀ ಏಜೆಂಟ್‌ಗಳನ್ನು ಕೊಳ್ಳದೇ ಬಿಟ್ಟರು. ಸಿಕ್ಕಿಬಿದ್ದು 28 ಕೋಟಿ ಡಾಲರ್ ಪರಿಹಾರ ಕಟ್ಟಿದರು.

1994ರಲ್ಲಿ ಮತ್ತೆ ಕ್ಯಾಪ್ ತರ್ತೀವಿ ಅಂದರು. ಆಗಸ್ಟ್ 12ಕ್ಕೆ ಆಟಗಾರರು ಮುಷ್ಕರ ಹೂಡಿದರು. ಆ ವರ್ಷ ವರ್ಲ್ಡ್ ಸೀರೀಸೇ ನಡೆಯಲಿಲ್ಲ. 232 ದಿನ. ಕೊನೆಗೆ ಮಾಲೀಕರಿಗೆ ತಡೆ ಹಾಕಿದ ನ್ಯಾಯಾಧೀಶೆ ಸೋನಿಯಾ ಸೊಟೊಮಯೋರ್, ಈಗ ಸುಪ್ರೀಂ ಕೋರ್ಟ್‌ನಲ್ಲಿರುವವರು. ಇಷ್ಟೆಲ್ಲ ಕಂಡವರ ಮುಂದೆ "ಕ್ಯಾಪ್" ಅಂದರೆ ಅವರಿಗೆ ಸಂಖ್ಯೆ ಕೇಳಿಸಲ್ಲ, ಹಳೇ ಸರಪಳಿ ಸದ್ದು ಕೇಳಿಸುತ್ತೆ.

ಮತ್ತೆ ಆ ಸ್ವಾತಂತ್ರ್ಯವೂ ಸುಮ್ನೆ ಸಿಗಲ್ಲ. ಮೇಜರ್ ಲೀಗ್‌ನಲ್ಲಿ ಆರು ವರ್ಷ ಆಡಿದ ಮೇಲೆ ಮಾತ್ರ. ನಮ್ಮ ಪೈರೇಟ್ಸ್ ಪಿಚರ್ ಪಾಲ್ ಸ್ಕೀನ್ಸ್‌ನನ್ನೇ ನೋಡಿ. ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ 2025ರ ಸೈ ಯಂಗ್ ಪ್ರಶಸ್ತಿ ಅವನಿಗೆ, ಒಂದು ಮತವೂ ಆಚೀಚೆ ಆಗದೆ. ಆದರೆ ಆ ವರ್ಷ ಅವನ ಲೆಕ್ಕ 10 ಗೆಲುವು, 10 ಸೋಲು, ಯಾಕಂದರೆ ಪೈರೇಟ್ಸ್ ಬ್ಯಾಟರ್‌ಗಳು ಇಡೀ ಲೀಗ್‌ನಲ್ಲೇ ಅತಿ ಕಡಿಮೆ ರನ್ ಹೊಡೆದರು. ಆ ವರ್ಷ ಅವನ ಸಂಬಳ 9 ಲಕ್ಷ ಡಾಲರ್‌ಗೂ ಕಡಿಮೆ. ಲೀಗ್‌ನ ಅತಿ ಒಳ್ಳೆಯ ಪಿಚರ್ ಹೆಚ್ಚುಕಮ್ಮಿ ಪುಕ್ಕಟೆ ಸಿಕ್ಕಿದ್ದಾನೆ. ಹಾಗಾದರೆ ಅವನಿಗೆ ರನ್ ಹೊಡೆದುಕೊಡೋ ಇಬ್ಬರನ್ನು ಕೊಳ್ಳೋಕೆ ಆಗ ಅಡ್ಡ ಬಂದದ್ದು ಏನು? ಕ್ಯಾಪ್ ಇಲ್ಲದಿರೋದಂತೂ ಅಲ್ಲ. ಪೈರೇಟ್ಸ್ ಸ್ಟೇಡಿಯಂ ಪಿ.ಎನ್.ಸಿ. ಪಾರ್ಕ್‌ನಲ್ಲಿ ಜನ "ತಂಡ ಮಾರಿ" ಅಂತ ಕೂಗಿದ್ದು ಡಾಡ್ಜರ್ಸ್ ಮಾಲೀಕರಿಗಲ್ಲ. 2018ರಲ್ಲಿ ಆಟಗಾರರ ಸಂಘ ನಾಲ್ಕು ತಂಡಗಳ ಮೇಲೆ ದೂರು ಕೊಟ್ಟಿತು, ಹಂಚಿಕೆಯ ದುಡ್ಡನ್ನು ತಂಡಕ್ಕೆ ಸರಿಯಾಗಿ ಖರ್ಚು ಮಾಡ್ತಾ ಇಲ್ಲ ಅಂತ. ಅದರಲ್ಲಿ ಪೈರೇಟ್ಸ್ ಒಂದು.

ಸ್ವಲ್ಪ ಖರ್ಚು ಮಾಡಿದರೆ ಏನಾಗುತ್ತೆ ಅಂತ ಈ ಊರು ಒಂದು ಸಲ ಕಂಡಿದೆ. 2012ರ ಕೊನೆಗೆ ರಸೆಲ್ ಮಾರ್ಟಿನ್ ಅನ್ನೋ ಕ್ಯಾಚರ್‌ನನ್ನು ಯಾಂಕೀಸ್ ಉಳಿಸಿಕೊಳ್ಳಲಿಲ್ಲ. ಪೈರೇಟ್ಸ್ 2 ವರ್ಷಕ್ಕೆ 1.7 ಕೋಟಿ ಕೊಟ್ಟು ಕರೆದುಕೊಂಡಿತು. 2013ರ ಅಕ್ಟೋಬರ್ 1, ಸಿನ್ಸಿನಾಟಿ ವಿರುದ್ಧ ವೈಲ್ಡ್ ಕಾರ್ಡ್ ಪಂದ್ಯ, ಅಂದರೆ ಪ್ಲೇಆಫ್‌ನ ಮೊದಲ ಪಂದ್ಯ. ಇಡೀ ಸ್ಟೇಡಿಯಂ ಕಪ್ಪು ಬಟ್ಟೆ. ಎದುರಾಳಿ ಪಿಚರ್ ಹೆಸರು ಕ್ವೇಟೋ. "ಕ್ವೇ...ಟೋ, ಕ್ವೇ...ಟೋ" ಅಂತ ಜನ ರಾಗ ಎಳೆದರು. ಅವನ ಕೈಯಿಂದ ಚೆಂಡು ಜಾರಿ ಕೆಳಗೆ ಬಿತ್ತು! ಮುಂದಿನ ಎಸೆತಕ್ಕೇ ಮಾರ್ಟಿನ್ ಹೋಮ್ ರನ್. ಇವತ್ತಿಗೂ ಈ ಊರಲ್ಲಿ ಯಾರ ಮುಂದಾದರೂ ಆ ರಾಗ ಎಳೆದರೆ ಮುಖ ಅರಳುತ್ತೆ. ಎರಡು ವರ್ಷ ಆದ ಮೇಲೆ ಮಾರ್ಟಿನ್ ಟೊರೊಂಟೊಗೆ ಹೋದ, 8.2 ಕೋಟಿಗೆ. ಹೋಗಲಿ ಬಿಡಿ, ಅದು ಅವನ ಹಕ್ಕು.

ನನಗೆ ಬೇಕಾದದ್ದು ಕ್ಯಾಪ್ ಅಲ್ಲ, ಫ್ಲೋರ್. ಇಷ್ಟಕ್ಕಿಂತ ಕಡಿಮೆ ಖರ್ಚು ಮಾಡೋ ಹಾಗಿಲ್ಲ ಅನ್ನೋ ಕೆಳಗಿನ ಗೆರೆ. ಜೊತೆಗೆ ಊರೂರಿನ ಟಿವಿ ದುಡ್ಡು ಇನ್ನೂ ಜಾಸ್ತಿ ಹಂಚಿಕೆಯಾಗಬೇಕು. ಫ್ಲೋರ್ ಬೇಕಾದರೆ ಕ್ಯಾಪ್ ಒಪ್ಪಿಕೊಳ್ಳಿ ಅಂತ ಮಾಲೀಕರು ಹೇಳಬಹುದು. ಎರಡನ್ನೂ ಒಂದೇ ಗಂಟು ಹಾಕಲೇಬೇಕು ಅಂತ ಎಲ್ಲಿ ಬರೆದಿದೆ? ಐಸ್ ಹಾಕಿಯಲ್ಲಿ ಕ್ಯಾಪ್ ತರೋಕೆ 2004-05ರ ಇಡೀ ಸೀಸನ್ ಬಲಿ ಕೊಟ್ಟರು. ನಮ್ಮ ಊರಿನ ಹಾಕಿ ತಂಡ ಪೆಂಗ್ವಿನ್ಸ್ ಆಮೇಲೆ ಮೂರು ಕಪ್ ಗೆದ್ದರು, ಅದು ಬೇರೆ ಮಾತು. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಸಿಡ್ನಿ ಕ್ರಾಸ್ಬಿ ಥರದ ಹುಡುಗ ಸಿಕ್ಕರೆ ಯಾವ ನಿಯಮದಲ್ಲೂ ಗೆಲ್ಲಬಹುದು.

ಬೇಸ್‌ಬಾಲ್ ಮಾಲೀಕರು ಮತ್ತು ಆಟಗಾರರ ಸಂಘದ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತೆ. ಹಿಂದಿನ ಸಲ, 2021ರಲ್ಲಿ, ಒಪ್ಪಂದ ಮುಗಿದ ಕೂಡಲೇ ಮಾಲೀಕರು ಆಟಗಾರರನ್ನು ಹೊರಗಿಟ್ಟು ಬೀಗ ಹಾಕಿದರು, 99 ದಿನ. ಈ ಸಲ ಕ್ಯಾಪ್ ಮಾತು ಬೇರೆ ಇದೆ, ಹಾಗಾಗಿ ಇನ್ನೂ ಉದ್ದ ಎಳೆದರೆ ನನಗೇನೂ ಆಶ್ಚರ್ಯ ಇಲ್ಲ. ಅಷ್ಟರೊಳಗೆ ಸ್ಕೀನ್ಸ್ ಪಿಚ್ ಮಾಡುವ ದಿನ ನೋಡಿಕೊಂಡು ಒಂದು ಟಿಕೆಟ್ ತೆಗೆದುಕೊಳ್ಳಿ. ಕಾರನ್ನು ಹೊಳೆಯ ಈಚೆ ಬಿಟ್ಟು ಕ್ಲೆಮೆಂಟೆ ಸೇತುವೆ ಮೇಲೆ ನಡೆದುಕೊಂಡೇ ಬನ್ನಿ. ಪಂದ್ಯದ ದಿನ ಅಲ್ಲಿ ಗಾಡಿ ಬಿಡಲ್ಲ.